ಪ್ಯೂರಿಟನ್ನರನ್ನು ‘ಮಡಿವಂತರು’ ಅನ್ನಬಹುದೇ? ಜೊತೆಗೆ ಇನ್ನೆರಡು ಪದ

ಗೆಳೆಯರೇ, ನಮಸ್ಕಾರ.

ಅಮೆರಿಕದ ಮೊದಲ ಕಾಲದ ಸಾಹಿತ್ಯದ ಬಗ್ಗೆ ಒಂದು ಸಣ್ಣ ಪರಿಚಯ ಬರೆಯುತ್ತಿದ್ದೇನೆ. ಕನ್ನಡ ಮಾಧ್ಯಮದ ಪದವಿ ವಿದ್ಯಾರ್ಥಿಗಳಿಗೆ. ಮೂರು ಪದಗಳು ಮಾತ್ರ ಸರಿಯಾಗಿ ಕೂರುತ್ತಿಲ್ಲ. ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಪ್ಯೂರಿಟನ್. ಇದಕ್ಕೆ ‘ಮಡಿವಂತ’ ಅಂತ ಬರೆಯುವ ರೂಢಿ ನಮ್ಮಲ್ಲಿದೆ. ಓದುಗರಿಗೆ ತಕ್ಷಣ ಏನೋ ಹೊಳೆಯುತ್ತದೆ, ನಿಜ. ಆದರೆ ಹೊಳೆಯುವುದು ತಪ್ಪು ಚಿತ್ರ ಅಂತ ನನಗೆ ಅನಿಸುತ್ತದೆ.

ಇಂಗ್ಲೆಂಡಿನ ಎಂಟನೇ ಹೆನ್ರಿ 1534ರಲ್ಲಿ ಪೋಪರ ಅಧಿಕಾರವನ್ನು ತಳ್ಳಿಹಾಕಿದ. ಮುಂದೆ ಮೊದಲನೇ ಎಲಿಜಬೆತ್ ರಾಣಿಯ ಕಾಲಕ್ಕೂ ಚರ್ಚಿನಲ್ಲಿ ಹಳೆಯ ಪದ್ಧತಿಗಳು ಎಷ್ಟೋ ಉಳಿದಿದ್ದವು. ಪಾದ್ರಿಯ ಬಿಳಿ ನಿಲುವಂಗಿ, ದೀಕ್ಷಾಸ್ನಾನದಲ್ಲಿ ಮಗುವಿನ ಹಣೆಗೆ ಶಿಲುಬೆಯ ಗುರುತು, ಮದುವೆಗೆ ಉಂಗುರ, ಪ್ರಭುಭೋಜನಕ್ಕೆ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿಗೆ) ಮೊಣಕಾಲೂರುವುದು. ಇದಕ್ಕೆಲ್ಲ ಬೈಬಲ್ಲಿನಲ್ಲಿ ಆಧಾರವಿಲ್ಲ, ತೆಗೆದುಹಾಕಿ ಅಂದವರು ಪ್ಯೂರಿಟನ್ನರು. ಅವರು ಶುದ್ಧ ಮಾಡಬೇಕು ಅಂದದ್ದು ಮೈಯನ್ನಲ್ಲ, ಚರ್ಚನ್ನು. ಅದೂ ಆಚಾರಗಳನ್ನು ಕಳೆಯುವ ಮೂಲಕ.

ನಮ್ಮ ಮಡಿ ಇದಕ್ಕೆ ಪೂರಾ ಉಲ್ಟಾ ಅಲ್ವಾ? ಮಡಿ ಇರುವುದೇ ಆಚಾರದಲ್ಲಿ. ಮುಟ್ಟಿದರೆ ಹೋಗುತ್ತದೆ, ಸ್ನಾನ ಮಾಡಿದರೆ ಮರಳಿ ಬರುತ್ತದೆ. ಪ್ಯೂರಿಟನ್ನರ ಪ್ರಕಾರ ಮನುಷ್ಯ ಏನು ಮಾಡಿದರೂ ಶುದ್ಧನಾಗಲಾರ. ಅಮೆರಿಕಕ್ಕೆ ಹೋಗಿ ನೆಲೆಸಿದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಅವರು ಮದುವೆಯನ್ನು ಪಾದ್ರಿಯ ಕೈಯಿಂದ ಮಾಡಿಸುತ್ತಿರಲಿಲ್ಲ, ಅಧಿಕಾರಿಯ ಮುಂದೆ ಮಾಡಿ ಮುಗಿಸುತ್ತಿದ್ದರು. 1659ರಲ್ಲಿ ಕ್ರಿಸ್‌ಮಸ್ ಆಚರಣೆಗೆ ಐದು ಶಿಲಿಂಗ್ ದಂಡ ಹಾಕಿದರು. ಆ ಕಾನೂನು 1681ರವರೆಗೆ ಇತ್ತು. ಬಿಯರ್ ಕುಡಿಯುವುದಕ್ಕೆ ಮಾತ್ರ ಅಡ್ಡಿ ಇರಲಿಲ್ಲ; ಕುಡಿದು ಮತ್ತರಾಗುವುದು ಪಾಪವಾಗಿತ್ತು. ಇಂಥವರನ್ನು ‘ಮಡಿವಂತರು’ ಅಥವಾ ‘ಶುದ್ಧಾಚಾರಿಗಳು’ ಅಂದರೆ ವಿದ್ಯಾರ್ಥಿಗೆ ದಾರಿ ತಪ್ಪುತ್ತದೆ.

ಒಂದು ಕಡೆ ಮಾತ್ರ ‘ಮಡಿವಂತ’ ಚೆನ್ನಾಗಿ ಹೊಂದುತ್ತದೆ. ಪ್ಯೂರಿಟನ್ ಅನ್ನುವುದು ಅವರೇ ಇಟ್ಟುಕೊಂಡ ಹೆಸರಲ್ಲ. 1560ರ ದಶಕದಲ್ಲಿ ವಿರೋಧಿಗಳು ಹಂಗಿಸಿ ಕರೆದದ್ದು. ಆ ಹಂಗಿಸುವ ಧ್ವನಿ ನಮ್ಮ ಪದದಲ್ಲೂ ಇದೆ. ಹಾಗಾಗಿ ವಿರೋಧಿಗಳ ಬಾಯಲ್ಲಿ ಬಂದಾಗ ‘ಮಡಿವಂತ’, ಉಳಿದ ಕಡೆ ‘ಪ್ಯೂರಿಟನ್’ ಅಂತಲೇ ಇಡೋಣ ಅನಿಸುತ್ತದೆ. ‘ಪರಿಶುದ್ಧವಾದಿ’ ಕೂಡ ಯೋಚಿಸಿದೆ. ಆದರೆ ಅದು ಯಾರೂ ಆಡುವ ಮಾತಲ್ಲ.

ಎರಡನೆಯದು ಹೆಚ್ಚು ಕಷ್ಟ. ಯಾರಿಗೆ ಮುಕ್ತಿ ಅಂತ ದೇವರು ಲೋಕ ಹುಟ್ಟುವ ಮೊದಲೇ ಗೊತ್ತುಮಾಡಿದ್ದಾನೆ ಅನ್ನುವುದು ಪ್ಯೂರಿಟನ್ನರಿಗೆ 16ನೇ ಶತಮಾನದ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನನಿಂದ ಬಂದ ನಂಬಿಕೆ. ದೇವರು ಹಾಗೆ ಗೊತ್ತುಮಾಡಿದವರಿಗೆ (ಇಂಗ್ಲಿಷಿನಲ್ಲಿ ‘ಇಲೆಕ್ಟ್’) ಕನ್ನಡದಲ್ಲಿ ಏನನ್ನಬೇಕು? ದ್ವೈತ ವೇದಾಂತ ಓದಿದವರಿಗೆ ‘ಮುಕ್ತಿಯೋಗ್ಯರು’ ಅನ್ನುವ ಪದ ಥಟ್ಟನೆ ನೆನಪಾಗುತ್ತದೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಅಂತ ಮಧ್ವಾಚಾರ್ಯರು ಜೀವರನ್ನು ಮೂರು ಬಗೆ ಮಾಡಿದ್ದಾರೆ. ಎರಡನ್ನೂ ಹೋಲಿಸಿ ಬರೆದವರೂ ಇದ್ದಾರೆ. ಆದರೆ ಅಲ್ಲಿ ಭೇದ ಇರುವುದು ಜೀವದ ಸ್ವರೂಪದಲ್ಲೇ. ಆ ಯೋಗ್ಯತೆಗೆ ತಕ್ಕಂತೆ ದೇವರು ನಡೆಸುತ್ತಾನೆ. ಕ್ಯಾಲ್ವಿನನ ಪ್ರಕಾರ ಆದಾಮ ತಪ್ಪಿದ ಮೇಲೆ ಎಲ್ಲರೂ ಒಂದೇ ಥರ ಕೆಟ್ಟವರು. ಯಾರಲ್ಲೂ ಯೋಗ್ಯತೆ ಅನ್ನುವುದೇ ಇಲ್ಲ. ದೇವರು ಕೆಲವರನ್ನು ಆರಿಸಿದ್ದಕ್ಕೆ ಅವನ ಇಚ್ಛೆ ಬಿಟ್ಟರೆ ಬೇರೆ ಕಾರಣವಿಲ್ಲ. ಹಾಗಿರುವಾಗ ‘ಯೋಗ್ಯ’ ಅನ್ನುವ ಪದವನ್ನು ಒಳಗೆ ಬಿಟ್ಟರೆ ಅವರ ನಂಬಿಕೆಯ ಬುಡವೇ ಅಲುಗಾಡುತ್ತದೆ.

ಹಳೆಯ ಕನ್ನಡ ಬೈಬಲ್ಲಿನಲ್ಲಿ ‘ದೇವರಾದುಕೊಂಡವರು’ ಅಂತ ಬರುತ್ತದೆ. ದೇವರು ಆದುಕೊಂಡವರು, ಅಂದರೆ ಆಯ್ದುಕೊಂಡವರು. ಒಳ್ಳೆಯ ಪದ, ಆರಿಸಿದ್ದು ದೇವರು ಅನ್ನುವುದು ಪದದಲ್ಲೇ ಇದೆ. ಆದರೆ ಇಂದಿನ ಹುಡುಗರು ಅದನ್ನು ‘ದೇವರಾದವರು’ ಅಂತ ಓದಿಕೊಳ್ಳುವ ಭಯ ಇದೆ. ಸದ್ಯಕ್ಕೆ ಬಿಡಿಸಿ ‘ದೇವರು ಆಯ್ದುಕೊಂಡವರು’ ಅಂತ ಬರೆದಿದ್ದೇನೆ. ಸುಮ್ನೆ ‘ಆಯ್ಕೆಯಾದವರು’ ಅಂದರೆ ಕೆಲಸಕ್ಕೆ ಆಯ್ಕೆಯಾದವರ ಪಟ್ಟಿ ಓದಿದ ಹಾಗೆ ಕೇಳಿಸುತ್ತದೆ.

ಈ ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ನಾನು ಆಯ್ಕೆಯಾದವನೋ ಅಲ್ಲವೋ ಅನ್ನುವುದು ಯಾರಿಗೂ ಖಚಿತವಾಗಿ ತಿಳಿಯುವಂತಿಲ್ಲ. ಆದ್ದರಿಂದ ಅವರು ದಿನಾ ತಮ್ಮ ಮನಸ್ಸನ್ನೇ ಹುಡುಕಿ ನೋಡುತ್ತಿದ್ದರು, ಕಂಡದ್ದನ್ನು ಬರೆದಿಡುತ್ತಿದ್ದರು. ಆ ನಾಡಿನಲ್ಲಿ ಅಷ್ಟೊಂದು ದಿನಚರಿ, ಆತ್ಮಕಥೆ ಹುಟ್ಟಿದ್ದು ಹೀಗೆ. ಕವಯಿತ್ರಿ ಆನ್ ಬ್ರಾಡ್‌ಸ್ಟ್ರೀಟ್ 1630ರಲ್ಲಿ ವಸಾಹತಿನ ಗವರ್ನರ್ ಜಾನ್ ವಿಂತ್ರಾಪನ ತಂಡದ ಜೊತೆ ಹಡಗಿನಲ್ಲಿ ಬಂದವಳು. 1666ರಲ್ಲಿ ಅವಳ ಮನೆ ಸುಟ್ಟುಹೋಯಿತು. ಅದರ ಮೇಲೆ ಅವಳು ಬರೆದ ಕವಿತೆಯಲ್ಲಿ, ಕೊಟ್ಟವನೇ ತೆಗೆದುಕೊಂಡ ಅಂತ ದೇವರಿಗೆ ವಂದಿಸುತ್ತಾಳೆ. ಆಮೇಲೆ ಬೂದಿಯಾದ ಪೆಟ್ಟಿಗೆ ಎಲ್ಲಿತ್ತು, ಅತಿಥಿಗಳು ಊಟಕ್ಕೆ ಕೂರುತ್ತಿದ್ದ ಮೇಜು ಎಲ್ಲಿತ್ತು ಅಂತ ಒಂದೊಂದೇ ನೆನೆಯುತ್ತಾಳೆ. ನೆನೆದು, ಲೋಕದ ಆಸೆ ಇನ್ನೂ ಬಿಟ್ಟಿಲ್ಲವಲ್ಲಾ ಅಂತ ತನ್ನನ್ನೇ ಗದರಿಸಿಕೊಳ್ಳುತ್ತಾಳೆ. ಆಯ್ಕೆಯ ನಂಬಿಕೆ ಗೊತ್ತಿಲ್ಲದೆ ಓದಿದರೆ ಇದು ಬರೀ ಮನೆ ಕಳೆದುಕೊಂಡ ದುಃಖ ಅನಿಸುತ್ತದೆ. ಗೊತ್ತಿದ್ದು ಓದಿದರೆ ಆ ಗದರಿಕೆಯ ಒಳಗಿನ ಭಯ ಕಾಣುತ್ತದೆ.

ಬಾಸ್ಟನ್ನಿನಲ್ಲಿ ಮನೆಯಲ್ಲೇ ಧಾರ್ಮಿಕ ಕೂಟ ನಡೆಸುತ್ತಿದ್ದ ಆನ್ ಹಚಿನ್‌ಸನ್ ಎಂಬ ಹೆಂಗಸಿನ ವಿಚಾರಣೆಯೂ (1637) ಇದೇ ಗಂಟಿನ ಸುತ್ತ ನಡೆಯಿತು. ಬಾಸ್ಟನ್ ಸುತ್ತಲಿನ ಬಹುಪಾಲು ಪಾದ್ರಿಗಳು ಒಳ್ಳೆಯ ನಡತೆಯನ್ನೇ ಮುಕ್ತಿಯ ಗುರುತು ಮಾಡುತ್ತಿದ್ದಾರೆ, ಕೃಪೆಯನ್ನು ಮರೆತಿದ್ದಾರೆ ಅನ್ನುವುದು ಅವಳ ಆಕ್ಷೇಪ. ಅವಳನ್ನು ವಸಾಹತಿನಿಂದ ಹೊರಗೆ ಹಾಕಿದರು. ಇಲ್ಲಿ ದೇವರು ಮನುಷ್ಯರ ಜೊತೆ ಮಾಡಿಕೊಂಡ ಎರಡು ಒಡಂಬಡಿಕೆಗಳ ಮಾತು ಬರುತ್ತದೆ: ಒಂದರಲ್ಲಿ ಮುಕ್ತಿ ಬರೀ ಕೃಪೆಯಿಂದ, ಇನ್ನೊಂದರಲ್ಲಿ ಮನುಷ್ಯನ ನಡತೆಯಿಂದ. ‘ಕೃಪೆಯ ಒಡಂಬಡಿಕೆ’ ಸಲೀಸು. ಇನ್ನೊಂದಕ್ಕೆ ‘ಕರ್ಮದ ಒಡಂಬಡಿಕೆ’ ಅಂದರೆ ಹಿಂದಿನ ಜನ್ಮದ ವಾಸನೆ ಬರುತ್ತದೆ. ಹಾಗಾಗಿ ‘ಕ್ರಿಯೆಯ ಒಡಂಬಡಿಕೆ’ ಅಂತ ಇಟ್ಟಿದ್ದೇನೆ. ಒಡಂಬಡಿಕೆ ಪದದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ನಮ್ಮ ಬೈಬಲ್ಲಿನ ಎರಡು ಭಾಗಗಳಿಗೂ ಅದೇ ಹೆಸರು.

ಮೂರನೆಯದಕ್ಕೆ ನಿಮ್ಮ ಸಹಾಯ ಜಾಸ್ತಿ ಬೇಕು. ಮ್ಯಾಸಚೂಸೆಟ್ಸ್‌ನಲ್ಲಿ 1630ರ ದಶಕದಿಂದ ಚರ್ಚಿನ ಪೂರ್ಣ ಸದಸ್ಯನಾಗಬೇಕಾದರೆ, ದೇವರ ಕೃಪೆ ತನ್ನೊಳಗೆ ಹೇಗೆ ಕೆಲಸ ಮಾಡಿತು ಅಂತ ಹೇಳಬೇಕಾಗಿತ್ತು. ವಸಾಹತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸದಸ್ಯರಾದ ಗಂಡಸರಿಗೆ ಮಾತ್ರ. ಮ್ಯಾಸಚೂಸೆಟ್ಸ್‌ನದೇ ಕೇಂಬ್ರಿಜ್ ಊರಿನ ಪಾದ್ರಿ ಥಾಮಸ್ ಶೆಪರ್ಡ್ ತನ್ನ ಸಭೆಯ ಸುಮಾರು 50 ಜನರ ಇಂಥ ಮಾತುಗಳನ್ನು ಬರೆದಿಟ್ಟಿದ್ದಾನೆ. ಹೆಂಗಸರು, ಮನೆಗೆಲಸದವರು ಕೂಡ ಅದರಲ್ಲಿ ಮಾತಾಡಿದ್ದಾರೆ. ಸಾಮಾನ್ಯರ ಒಳಗಿನ ಮಾತು ಹೀಗೆ ಉಳಿದು ಬಂದಿದ್ದು ದೊಡ್ಡ ಭಾಗ್ಯ.

ಆ ಒಳಗಿನ ಬದಲಾವಣೆಗೆ (ಇಂಗ್ಲಿಷಿನಲ್ಲಿ ‘ಕನ್ವರ್ಷನ್’) ಏನನ್ನಬೇಕು? ‘ಮತಾಂತರ’ ಖಂಡಿತ ಅಲ್ಲ. ಅವರೆಲ್ಲ ಹುಟ್ಟಿನಿಂದ ಕ್ರೈಸ್ತರೇ. ‘ಮನಪರಿವರ್ತನೆ’ ತೀರಾ ತೆಳು. ವಚನಗಳ ದಾರಿಯಲ್ಲಿ ಭವಿ ಭಕ್ತನಾಗುವುದು ಅನ್ನಬಹುದಿತ್ತು. ಆದರೆ ಅಲ್ಲಿ ಗುರು ಇದ್ದಾನೆ, ದೀಕ್ಷೆ ಇದೆ. ಇಲ್ಲಿ ಯಾವ ಪಾದ್ರಿಯೂ ಅದನ್ನು ಕೊಡಲಾರ, ಕಾಯಬೇಕು ಅಷ್ಟೇ. ಕಾದರೂ ಬರದೇ ಇರಬಹುದು. ಎರಡನೆಯ ತಲೆಮಾರಿನ ಎಷ್ಟೋ ಜನರಿಗೆ ಬರಲಿಲ್ಲ. ಹಾಗಾದರೆ ಅವರ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದೋ ಬೇಡವೋ ಅಂತ ದೊಡ್ಡ ಜಗಳವೇ ಆಗಿ, 1662ರಲ್ಲಿ ‘ಅರೆ ಒಡಂಬಡಿಕೆ’ ಅನ್ನುವ ನಡುದಾರಿ ಮಾಡಿಕೊಂಡರು: ಮಕ್ಕಳಿಗೆ ದೀಕ್ಷಾಸ್ನಾನ ಉಂಟು, ಪೂರ್ಣ ಸದಸ್ಯತ್ವ ಇಲ್ಲ.

ಕನ್ನಡ ಬೈಬಲ್ಲಿನ ‘ದೇವರ ಕಡೆಗೆ ತಿರುಗಿಕೊಳ್ಳುವುದು’ ನನಗೆ ಇಷ್ಟ. ತೊಡಕು ಒಂದೇ. ‘ತಿರುಗಿಕೊಳ್ಳು’ ಅಂದಾಗ ತಿರುಗುವವನು ಮನುಷ್ಯ. ಪ್ಯೂರಿಟನ್ ಹೇಳುವುದು, ದೇವರು ನನ್ನನ್ನು ತಿರುಗಿಸಿದ ಅಂತ.

ಮಂಗಳೂರು, ಧಾರವಾಡ, ಬಳ್ಳಾರಿ ಕಡೆಯ ಪ್ರಾಟೆಸ್ಟಂಟ್ ಸಭೆಗಳ ಮಾತು ಬಲ್ಲವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಸಭೆಯ ಮುಂದೆ ಹೇಳುವುದಕ್ಕೆ ‘ಸಾಕ್ಷಿ ಹೇಳುವುದು’ ಅನ್ನುವ ಬಳಕೆ ಇದೆ, ಶೆಪರ್ಡ್ ಬರೆದಿಟ್ಟದ್ದಕ್ಕೆ ಅದನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಸಾಕ್ಷಿಯಲ್ಲಿ ಹೇಳುವ ಆ ಘಟನೆಗೇ ನಿಮ್ಮ ಹಿರಿಯರು ಏನನ್ನುತ್ತಿದ್ದರು? ಒಂದೇ ಪದ ಇತ್ತಾ, ಅಥವಾ ವಾಕ್ಯದಲ್ಲೇ ಹೇಳುತ್ತಿದ್ದರಾ?