ಎಂಜಿನ್ ಮಾದರಿಯ ಮುಂಭಾಗ ಸ್ಪಷ್ಟ, ಉಳಿದದ್ದೆಲ್ಲ ಮಸುಕು

ಕಿರುಹಳಿ:
1:87 ಅಳತೆಯ (ಅಂದರೆ ನಿಜದ 87ರಲ್ಲೊಂದು ಪಾಲು ಗಾತ್ರದ) ಉಗಿ ಎಂಜಿನ್ ಕಟ್ಟಿ, ಬಣ್ಣ ಹಚ್ಚಿ ಮುಗಿಸಿದ್ದೇನೆ. ಉದ್ದ 23 ಸೆಂಟಿಮೀಟರ್, ಮೈಯೆಲ್ಲ ಕಪ್ಪು. ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದರೆ ಮುಂದಿನ ಬಫರ್ (ಡಿಕ್ಕಿಯ ಹೊಡೆತ ತಡೆಯುವ ಭಾಗ) ಮಾತ್ರ ಚೆನ್ನಾಗಿ ಬರುತ್ತದೆ, ಚಿಮಣಿಯಿಂದ ಹಿಂದಕ್ಕೆ ಏನೂ ಕಾಣುವುದಿಲ್ಲ. ಇನ್ನೂ ಹತ್ತಿರ ಹೋದರೆ ಮೊಬೈಲಿನ ನೆರಳೇ ಅಡ್ಡ ಬರುತ್ತದೆ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಕೊಳ್ಳಬೇಕೇ?

ಮಸೂರ:
ಬೇಡ. ಮ್ಯಾಕ್ರೊ ಲೆನ್ಸ್ ನಿಮ್ಮನ್ನು ಇನ್ನೂ ಹತ್ತಿರ ಒಯ್ಯುತ್ತದೆ, ನಿಮ್ಮ ತೊಂದರೆಯೇ ಹತ್ತಿರ ಹೋಗುವುದು. ಹತ್ತಿರವಾದಷ್ಟೂ ಸ್ಪಷ್ಟವಾಗಿ ಮೂಡುವ ಆಳ ಕಡಿಮೆಯಾಗುತ್ತದೆ. ಅನೇಕ ಮೊಬೈಲ್‌ಗಳ ಮ್ಯಾಕ್ರೊ ಆಯ್ಕೆ ಸದ್ದಿಲ್ಲದೆ ಅಗಲ ನೋಟದ ಲೆನ್ಸಿಗೆ ಬದಲಾಗುತ್ತದೆ. ಆಗ ಬಫರ್ ದೊಡ್ಡದಾಗಿ ಉಬ್ಬಿ, ಎಂಜಿನ್ನಿನ ಹಿಂಭಾಗ ಕುಗ್ಗಿ ಕಾಣುತ್ತದೆ. ಆ ಮ್ಯಾಕ್ರೊ ಆಯ್ಕೆಯನ್ನು ಆಫ್ ಮಾಡಿ. ಮೂವತ್ತು ಸೆಂಟಿಮೀಟರಿನಷ್ಟು ಹಿಂದೆ ಸರಿದು, 2 ಪಟ್ಟು ಜೂಮ್ ಇಟ್ಟು ತೆಗೆಯಿರಿ, ಮಿಕ್ಕ ಅಂಚನ್ನು ಆಮೇಲೆ ಕತ್ತರಿಸಿ. ನೆರಳಿನ ಕಾಟವೂ ತಪ್ಪುತ್ತದೆ.

ಇನ್ನೊಂದು ಮಾತು. ಮಾದರಿಯ ಫೋಟೊಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಮೇಲಿನಿಂದ ಬಗ್ಗಿ ತೆಗೆದಿರುತ್ತಾರೆ, ಅದಕ್ಕೇ ಆಟಿಕೆಯಂತೆ ಕಾಣುತ್ತವೆ. ಹಳಿಯ ಪಕ್ಕ ನಿಂತವನ ಕಣ್ಣು ನೆಲದಿಂದ 160 ಸೆಂಟಿಮೀಟರ್ ಮೇಲಿದೆ ಎಂದುಕೊಳ್ಳಿ. ನಿಮ್ಮ ಅಳತೆಯಲ್ಲಿ ಅದು ಬರೀ 18 ಮಿಲಿಮೀಟರ್. ಮೊಬೈಲನ್ನು ತಲೆಕೆಳಗಾಗಿ ಮೇಜಿನ ಮೇಲೆ ನಿಲ್ಲಿಸಿದರೆ ಲೆನ್ಸ್ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಬರುತ್ತದೆ. ಕೈ ನಡುಗುವ ಗೊಡವೆಯೂ ಇಲ್ಲ.

ನಿಧಾನಿ:
ಪಕ್ಕದ ನೋಟ ಸಾಕಾದರೆ ಎಂಜಿನ್ನನ್ನು ಲೆನ್ಸಿಗೆ ಅಡ್ಡಲಾಗಿ ನಿಲ್ಲಿಸಿ, ಉದ್ದಕ್ಕೂ ಸ್ಪಷ್ಟವಾಗುತ್ತದೆ. ಓರೆ ನೋಟವೇ ಬೇಕೆಂದರೆ ಆಳದ ಲೆಕ್ಕ ಬರುತ್ತದೆ. ದೊಡ್ಡ ಸಂವೇದಕದ, ಅಂದರೆ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 25 ಸೆಂಟಿಮೀಟರ್ ಅಗಲವನ್ನು ಚೌಕಟ್ಟಿಗೆ ತುಂಬಿಸಿ, ಲೆನ್ಸಿನ ರಂಧ್ರವನ್ನು ಎಫ್/11ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗುವ ಆಳ ಸುಮಾರು ಮೂರೂವರೆ ಸೆಂಟಿಮೀಟರ್ ಮಾತ್ರ. ಎಫ್/22ಕ್ಕೆ ಹೋದರೆ ಆಳ ಹೆಚ್ಚುತ್ತದೆ, ಆದರೆ ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹಾಗಾಗಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕದಲದಂತೆ ನಿಲ್ಲಿಸಿ, ಬಫರಿನಿಂದ ಹಿಂದಿನ ತುದಿಯವರೆಗೆ ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವು ಚಿತ್ರ ತೆಗೆದು, ತಂತ್ರಾಂಶದಲ್ಲಿ ಒಂದಾಗಿಸಬೇಕು. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತಾರೆ. ಫೋಕಸನ್ನು ಕೈಯಿಂದ ಸರಿಸಲು ಬಿಡುವ ಮೊಬೈಲ್ ಆ್ಯಪ್‌ಗಳೂ ಇವೆ. ಶಟರಿಗೆ 2 ಸೆಕೆಂಡಿನ ಟೈಮರ್ ಇಡಿ.

ಕಿರುಹಳಿ:
ಹಿಂದೆ ಸರಿದು ತೆಗೆದೆ, ಚಿಮಣಿಯವರೆಗೂ ಸ್ಪಷ್ಟವಾಗಿದೆ! ಆದರೆ ಕಪ್ಪು ಬಣ್ಣ ಬೂದಿಯಂತೆ ಕಾಣುತ್ತಿದೆ, ಚಕ್ರದ ಕಡ್ಡಿಗಳು ಒಂದಕ್ಕೊಂದು ಅಂಟಿದ ಹಾಗಿವೆ.

ಮಸೂರ:
ಚೌಕಟ್ಟಿನ ತುಂಬ ಕಪ್ಪು ಕಂಡರೆ ಕ್ಯಾಮೆರಾ ಕತ್ತಲೆಯೆಂದು ಬಗೆದು ಬೆಳಕನ್ನು ಏರಿಸುತ್ತದೆ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕನ್ನು) ಒಂದು ಹಂತ ಇಳಿಸಿ. ಚಕ್ರಗಳಿಗೆ ಬೇಕಾದದ್ದು ಪಕ್ಕದ ಬೆಳಕು: ಒಂದೇ ದೀಪ, ಅದರ ಮುಂದೆ ಟ್ರೇಸಿಂಗ್ ಕಾಗದ (ದೀಪಕ್ಕೆ ತಾಗದಂತೆ, ಕಾಗದ ಸುಟ್ಟೀತು), ಎದುರು ಬದಿಯಲ್ಲಿ ಚಕ್ರದ ಮಟ್ಟಕ್ಕೆ ಒಂದು ಬಿಳಿ ರಟ್ಟು. ಫ್ಲಾಷ್ ಮುಟ್ಟಲೇಬೇಡಿ. ಕಿಟಕಿಯ ಬೆಳಕನ್ನೂ ದೀಪವನ್ನೂ ಬೆರೆಸಬೇಡಿ, ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿಯಾಗುತ್ತದೆ.

ನಿಧಾನಿ:
ಶುರುಮಾಡುವ ಮುನ್ನ ಮೆದು ಬ್ರಷ್ಷಿನಿಂದ ಧೂಳು ಕೊಡವಿ. ತಲೆಗೂದಲಿನ ಒಂದು ಎಳೆ 1:87ರಲ್ಲಿ ಆರು ಮಿಲಿಮೀಟರ್ ದಪ್ಪದ ಹಗ್ಗವಾಗಿ ಕಾಣುತ್ತದೆ.