ಇಂದೇ ಬೇಕಿರುವ ಪದ: ‘ಎಕ್ಸಾಸ್ಟ್ ರಿಸ್ಟ್ರಿಕ್ಷನ್’, ‘ಬ್ಯಾಕ್ ಪ್ರೆಷರ್’

ನಮಸ್ಕಾರ. ಹಳೆಯ ಕಾರು ಇಟ್ಟುಕೊಂಡವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸಿಕ್ಕಿಬಿದ್ದ ಜಾಗ ಇದು: ಸೈಲೆನ್ಸರಿನೊಳಗೆ ತಗಡು ತುಕ್ಕು ಹಿಡಿದು ಕಳಚಿದರೆ, ಇಲ್ಲವೇ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಜೇನುಗೂಡು ಕರಗಿದರೆ, ಉರಿದ ಅನಿಲ ಪೂರ್ತಿ ಹೊರಗೆ ಹೋಗದೆ ಹಿಂದಕ್ಕೆ ಒತ್ತುತ್ತದೆ. ಸಿಲಿಂಡರಿನಲ್ಲೇ ಉಳಿದು ಹೊಸ ಗಾಳಿ-ಪೆಟ್ರೋಲಿನ ಜಾಗ ತಿನ್ನುತ್ತದೆ. ಗಾಡಿ ಎಳೆಯುವುದಿಲ್ಲ. ಓಡಿಸುವವರು ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತಾರೆ, ಎಕ್ಸಾಸ್ಟ್ ವಾಲ್ವು, ಸಿಲಿಂಡರಿನ ಹೆಡ್ಡು ಎರಡೂ ಕಾಯುತ್ತವೆ. ಹಳೆಯ ಗಾಡಿಯಲ್ಲಿ ರೇಡಿಯೇಟರೂ ಅರ್ಧ ಕಟ್ಟಿಕೊಂಡಿರುತ್ತದಲ್ಲ, ಘಾಟಿ ಹತ್ತುವಾಗ ನೀರು ಕುದಿಯುತ್ತದೆ.

‘ನಿಷ್ಕಾಸ ನಿರ್ಬಂಧ’, ‘ಪ್ರತಿಒತ್ತಡ’ ಎಂದು ಬರೆದಿದ್ದೇನೆ. ಮನಸ್ಸು ಒಪ್ಪುತ್ತಿಲ್ಲ. ದಯವಿಟ್ಟು ತಿಳಿಸಿ.

----

ನಿಷ್ಕಾಸ ಬೇಡವೇ ಬೇಡ. ‘ಕಾಸ’ ಎಂದರೆ ಕೆಮ್ಮು. ಹೊಗೆ ಉಗುಳುವ ಕೊಳವೆಗೆ ‘ಕೆಮ್ಮಿಲ್ಲದ್ದು’ ಎಂದು ಹೆಸರೇ? ‘ಹೊರಗಾಳಿ ತಡೆ’, ‘ಹಿಮ್ಮೊತ್ತಡ’ ಎನ್ನಿ. ಹಿಮ್ಮೆಟ್ಟು ಇಲ್ಲವೇ, ಹಾಗೆ. ಸೈಲೆನ್ಸರಿಗೂ ‘ಸದ್ದಡಗಿ’ ಇದೆ. ನಮ್ಮ ಬೇರಿನಿಂದಲೇ ಪದ ಹುಟ್ಟುವಾಗ ಸಾಲ ಮಾಡುವುದು ಸೋಮಾರಿತನ.

----

ಮೇಲಿನದು ಎರಡು ಕಡೆ ತಪ್ಪು. ನಿಷ್ಕಾಸದಲ್ಲಿರುವುದು ಹೋಗು ಎನ್ನುವ ‘ಕಸ್’ ಧಾತು, ಕೆಮ್ಮಲ್ಲ. ಹಿಮ್ಮೆಟ್ಟುವಿನ ಮಕಾರ ‘ಮೆಟ್ಟು’ವಿನಿಂದ ಬಂದದ್ದು, ‘ಒತ್ತಡ’ಕ್ಕೆ ಅದು ಎಲ್ಲಿಂದ ಬರಬೇಕು? ಮುನ್ನೆಚ್ಚರಿಕೆ ಇದ್ದ ಹಾಗೆ ಹಿನ್ನೊತ್ತಡ.

ಆದರೂ ನಿಷ್ಕಾಸ ನಿರ್ಬಂಧ ಬೇಡ, ಕಾರಣ ಬೇರೆ. ನಿರ್ಬಂಧ ಎಂದೊಡನೆ ಸರ್ಕಾರದ ಆದೇಶ ನೆನಪಾಗುತ್ತದೆ. ಓದಿದವರು ಹೊಗೆಗೆ ಏನೋ ನಿಷೇಧ ಬಂದಿದೆ ಎಂದುಕೊಳ್ಳುತ್ತಾರೆ.

ನಮ್ಮ ಪದ್ಮಿನಿ ಕಾರು (1089 ಸಿಸಿ) ಕಾಯುತ್ತಿದ್ದಾಗ ಥರ್ಮೋಸ್ಟಾಟ್, ವಾಟರ್ ಪಂಪು ಎಲ್ಲ ಬದಲಿಸಿಯಾಗಿತ್ತು. ಕೊನೆಗೆ ಹಾಸನದ ಶೆಡ್ಡೊಂದರಲ್ಲಿ ಮೇಸ್ತ್ರಿ ಸೈಲೆನ್ಸರನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದರು. ಒಳಗೆ ಗಲಗಲ ಸದ್ದು. ಗಾಳಿ ಒಳಹೋಗುವ ಮ್ಯಾನಿಫೋಲ್ಡಿಗೆ, ಇಂಜಿನ್ ಗಾಳಿ ಎಳೆಯುವ ಬಿರುಸು ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ ಇಂಜಿನನ್ನು ನಿಮಿಷಕ್ಕೆ 2500 ಸುತ್ತಿನಲ್ಲಿ ಹಿಡಿದರು. ಮುಳ್ಳು ನಿಲ್ಲಲಿಲ್ಲ, ಒಂದೊಂದೇ ಗೆರೆ ಇಳಿಯುತ್ತಾ ಬಂತು. ‘ಕಟ್ಕೊಂಡಿದೆ ಸಾರ್, ಉಸಿರು ಬಿಡ್ತಿಲ್ಲ’ ಅಂದರು. ಮೂಗು ಕಟ್ಟುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ. ಕೇಳಿದವರೇ ತಮ್ಮ ಪತ್ರದಲ್ಲಿ ರೇಡಿಯೇಟರ್ ‘ಕಟ್ಟಿಕೊಂಡಿರುತ್ತದೆ’ ಎಂದು ಬರೆದಿದ್ದಾರೆ, ನೋಡಿ. ಕೈಯಲ್ಲೇ ಇರುವ ಕ್ರಿಯಾಪದ ಬಿಟ್ಟು ನಾಮಪದ ಹುಡುಕುವುದೇಕೆ? ‘ಕಟ್ಟಿದ ಸೈಲೆನ್ಸರ್’ ಮಾತ್ರ ಬೇಡ, ತಂತಿಯಿಂದ ಬಿಗಿದದ್ದು ಎಂದಾಗುತ್ತದೆ. ‘ಕಟ್ಟಿಕೊಂಡ’ ಎಂದೇ ಬರೆಯಿರಿ.

ಸೈಲೆನ್ಸರ್ ಹಾಗೇ ಇರಲಿ. ಮೂಲ ಅಮೆರಿಕದ್ದಾದರೆ ಅಲ್ಲಿ ‘ಮಫ್ಲರ್’ ಎಂದಿರುತ್ತದೆ. ನಮ್ಮಲ್ಲಿ ಮಫ್ಲರ್ ಕುತ್ತಿಗೆಗೆ ಸುತ್ತುವುದು. ಅದನ್ನು ಹಾಗೇ ಇಳಿಸಬೇಡಿ.

----

ಶೆಡ್ಡಿನ ಮಾತು ಪ್ರಮಾಣವಾಯಿತೇ? ‘ಮೇಸ್ತ್ರಿ’ಯೇ ಪೋರ್ಚುಗೀಸರ ಸಾಲ. ಹೀಗೇ ಬಿಟ್ಟರೆ ಮೊಮ್ಮಕ್ಕಳಿಗೆ ವಿಭಕ್ತಿ ಪ್ರತ್ಯಯವಷ್ಟೇ ಕನ್ನಡದ್ದು ಉಳಿಯುತ್ತದೆ.

----

ಪಾದ್ರಿ, ಚಾವಿ ಕೂಡ ಅಲ್ಲಿಂದಲೇ ಬಂದವು. ಚಾವಿ ಬಿಟ್ಟು ಬೀಗ ತೆಗೆಯಿರಿ, ಆಮೇಲೆ ಮಾತಾಡೋಣ. ‘ಕಟ್ಟಿಕೊಳ್ಳು’ ಅಚ್ಚಗನ್ನಡವೇ. ಅದನ್ನು ಉಳಿಸಿದ್ದು ಶೆಡ್ಡು, ನಿಘಂಟು ಸಮಿತಿಯಲ್ಲ.

----

ಇಬ್ಬರಿಗೂ ವಂದನೆ. ಅಚ್ಚಿಗೆ ಹೋಗುತ್ತಿರುವ ಸಾಲು: ‘ಸೈಲೆನ್ಸರ್ ಕಟ್ಟಿಕೊಂಡರೆ ಹಿನ್ನೊತ್ತಡ ಏರಿ ಇಂಜಿನ್ ಕಾಯುತ್ತದೆ, ರೇಡಿಯೇಟರ್ ಬಿಚ್ಚುವ ಮೊದಲು ಇದನ್ನು ನೋಡಿ.’ ‘ಸದ್ದಡಗಿ’ಯನ್ನು ಪದಪಟ್ಟಿಯಲ್ಲಿ ಸೈಲೆನ್ಸರಿನ ಪಕ್ಕ ಸೇರಿಸಿದ್ದೇನೆ.