ಹಿಂದೂ ಹುಡುಗನ ಜೊತೆ ಚರ್ಚಿನಲ್ಲಿ ಮದುವೆ: ನಿಮ್ಮ ಅನುಭವ ಹೇಳಿ

ಕೇಳಿದವರು: ನಾನು ಮಂಗಳೂರಿನ ಕ್ಯಾಥೊಲಿಕ್, ಅವರು ಹಿಂದೂ. ಇಬ್ಬರೂ ಧರ್ಮ ಬದಲಿಸುವುದಿಲ್ಲ. ಮಕ್ಕಳ ಬಗ್ಗೆ ಚರ್ಚಿಗೆ ಮಾತು ಕೊಡಬೇಕಂತೆ, ಏನದು? ಅತ್ತೆಯಾಗುವವರಿಗೆ ಧಾರೆಯೂ ಆಗಬೇಕು.

ಕಾಪುವಿನ ಸೊಸೆ: ನಮ್ಮದು 2014ರಲ್ಲಿ. ಬಿಷಪ್ ಅನುಮತಿ ಬರುವಷ್ಟರಲ್ಲಿ ನಾನು ಅರ್ಧ ಆಗಿದ್ದೆ. ಹಳೆಯ ಜ್ಞಾನಸ್ನಾನದ ಸರ್ಟಿಫಿಕೇಟ್ ನಡೆಯುವುದಿಲ್ಲ, ಆರು ತಿಂಗಳೊಳಗಿನದೇ ಬೇಕು ಅಂದರು. ಅದಕ್ಕೆ ಹುಟ್ಟಿದೂರಿಗೆ ಎರಡು ಸಲ ಓಡಾಟ. ಗಂಡನಾಗುವವರಿಗೆ ಮೊದಲು ಮದುವೆಯಾಗಿಲ್ಲ ಅಂತ ಅಫಿಡವಿಟ್ಟು. ದಿನ ಮುಂದೆ ಹೋಯಿತು, ಮದುವೆ ಹಾಲ್‌ಗೆ ಕೊಟ್ಟ ಅಡ್ವಾನ್ಸ್ 25 ಸಾವಿರವೂ ಹೋಯಿತು. 300 ಕಾರ್ಡಿನ ಮೇಲೆ ಅಮ್ಮ ಪೆನ್ನಿನಲ್ಲಿ ತಾರೀಖು ತಿದ್ದಿದರು. ಗಂಡನಿಗೆ ಜ್ಞಾನಸ್ನಾನ ಆಗಿಲ್ಲ ಅಂತ ಬಲಿಪೂಜೆ (ಮಾಸ್) ಇಲ್ಲದ ಮದುವೆ. ಅಮ್ಮ ಇವತ್ತಿಗೂ ಅದನ್ನೇ ಹೇಳುತ್ತಾರೆ. ಆದರೂ ಚರ್ಚಿನಲ್ಲೇ ಆಯಿತು, ನನಗೆ ಹೆಮ್ಮೆ ಇದೆ.

ಬೆಂಗಳೂರಿನವನು: ಇಷ್ಟೆಲ್ಲಾ ಯಾಕೆ? ನಾವು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸಿದೆವು. ಮೂವರು ಸಾಕ್ಷಿ, 30 ದಿನದ ನೋಟಿಸು. ಬೋರ್ಡಿನಲ್ಲಿದ್ದ ನೋಟಿಸಿನ ಫೋಟೊ ತೆಗೆದು ಯಾರೋ ಮಾವನಿಗೆ ಕಳಿಸಿದರು. ಆ ತಿಂಗಳಲ್ಲಿ ಎರಡು ರೂಮು ಬದಲಾಯಿಸಿದೆ, ಎರಡು ಕಡೆಯೂ ಅಡ್ವಾನ್ಸ್ ಮುರಿದುಕೊಂಡರು. ಆಮೇಲೆ ಚರ್ಚ್ ನನ್ನನ್ನು ಹೊರಗೆ ಹಾಕಿತು. ಆರು ವರ್ಷ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿಯ ಪ್ರಸಾದ) ಇಲ್ಲ. ಅಪ್ಪನ ಸಾವಿನ ಪೂಜೆಯಲ್ಲೂ ಪ್ರಸಾದಕ್ಕೆ ಏಳದೆ ಬೆಂಚಿನಲ್ಲೇ ಕೂತಿದ್ದೆ.

ಧರ್ಮೋಪದೇಶದ ಟೀಚರ್: ಹೊರಗೆ ಹಾಕಿತು ಅಂತ ಬರೆಯಬೇಡಿ ಸರ್. ಅದು ಬಹಿಷ್ಕಾರ ಅಲ್ಲ. ಅನುಮತಿ ಇಲ್ಲದೆ ಹೊರಗಾದ ಮದುವೆಯನ್ನು ಚರ್ಚ್ ಮದುವೆ ಅಂತ ಒಪ್ಪುವುದಿಲ್ಲ, ಅದಕ್ಕೇ ಪ್ರಸಾದ ಇಲ್ಲ. ಪೂಜೆಗೆ ಬರಬಹುದು. ಆಮೇಲೆ ಸರಿಪಡಿಸಿಕೊಳ್ಳಲೂಬಹುದು.

ಬೆಂಗಳೂರಿನವನು: ಸರಿಪಡಿಸಿಕೊಂಡೆ ಮೇಡಂ. ಆ ದಾರಿ ಇದೆ ಅಂತ ಆರು ವರ್ಷ ಒಬ್ಬರೂ ಹೇಳಲಿಲ್ಲ. ಬೆಂಚಿನಲ್ಲಿ ಕೂತದ್ದು ನಾನು, ನೀವಲ್ಲ.

ಶಿರಸಿಯ ಗಂಡ: ನಾನು ಹಿಂದೂ, ಹೆಂಡತಿ ಕ್ಯಾಥೊಲಿಕ್. ಮಾತು ಕೊಡುವುದು ಅವಳು. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ ಆ ನಂಬಿಕೆಯಲ್ಲಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ. ಚರ್ಚ್ ಕಾನೂನಿನ 1125ನೇ ನಿಯಮ. ನನಗೆ ತಿಳಿಸಿದರು ಅಷ್ಟೇ, ನನ್ನಿಂದ ಮಾತು ತೆಗೆದುಕೊಳ್ಳಲಿಲ್ಲ. ನಾನು ಇದನ್ನು ನಮ್ಮಮ್ಮನಿಗೆ ಹೇಳಿರಲಿಲ್ಲ. ಮಗಳ ಜ್ಞಾನಸ್ನಾನದ ದಿನ ಅಮ್ಮ ಊಟ ಮಾಡಲಿಲ್ಲ. ತಪ್ಪು ನನ್ನದೇ.

ಕಾಪುವಿನ ಸೊಸೆ: ಕೈಲಾದದ್ದು ಅಂದರೆ ಎಷ್ಟು? ನನ್ನ ಚಿಕ್ಕವನಿಗೆ ಇನ್ನೂ ಆಗಿಲ್ಲ. ಮನೆಯಲ್ಲಿ ಒಪ್ಪುತ್ತಿಲ್ಲ. ನಾನು ಮಾತು ಮುರಿದೆನಾ?

ಧರ್ಮೋಪದೇಶದ ಟೀಚರ್: ಪ್ರಯತ್ನ ಬಿಟ್ಟಿದ್ದರೆ ಹೌದು. ಇಲ್ಲದಿದ್ದರೆ ಇಲ್ಲ. ಇನ್ನು ಧಾರೆ ಆಗುವುದಿಲ್ಲ. ಒಂದೇ ಮದುವೆಗೆ ಇನ್ನೊಂದು ಧರ್ಮದ ವಿಧಿಯಲ್ಲಿ ಮತ್ತೆ ಒಪ್ಪಿಗೆ ಕೊಡಲು ಚರ್ಚ್ ಬಿಡುವುದಿಲ್ಲ, ಮೊದಲೂ ಇಲ್ಲ, ಆಮೇಲೂ ಇಲ್ಲ.

ಕಾಪುವಿನ ಸೊಸೆ: ನಿಮಗೆ ಎಲ್ಲದಕ್ಕೂ ಎರಡೇ ಸಾಲು ಸಾಕು, ಅಲ್ವಾ? ನಾವು ಧಾರೆ ಬದಲು ಅತ್ತೆಯನ್ನು ರೋಸ್‌ಗೆ, ಅಂದರೆ ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ನಮ್ಮ ಶಾಸ್ತ್ರಕ್ಕೆ, ಕರೆದೆವು. ನನ್ನ ತಲೆಗೆ ತೆಂಗಿನ ಹಾಲು ಹಾಕಿ ಅತ್ತರು, ಸಮಾಧಾನ ಆದರು.

ಶಿರಸಿಯ ಗಂಡ: ನಿಮ್ಮತ್ತೆ ಯಾಕೆ ಅತ್ತರು ಅಂತ ಕೇಳಿದ್ದೀರಾ? ಧಾರೆ ಅಂದರೆ ಸುಮ್ನೆ ನೀರು ಬಿಡುವುದಲ್ಲ ಅಕ್ಕ. ಅದರ ಬದಲು ಇದು ಅಂತ ಹೇಳಬೇಡಿ.